ಅವ್ವನ ಕಾಶಿ, ವಾರಕ್ಕೆ ಮೂರು ಡಯಾಲಿಸಿಸ್

ಪ್ರಶ್ನೆ: ಡಾಕ್ಟ್ರೇ, ನಾವು ಬಾಗಲಕೋಟಿ ನವನಗರದವರು. ನಮ್ಮವ್ವಗ 57 ವರ್ಷ. ಸಕ್ಕರಿ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟು ಎರಡು ವರ್ಷದಿಂದ ಸೋಮವಾರ, ಬುಧವಾರ, ಶುಕ್ರವಾರ ಮುಂಜಾನೆ ಡಯಾಲಿಸಿಸ್ ನಡದೈತಿ. ಎಡಗೈಗೆ ಡಯಾಲಿಸಿಸ್ ಸೂಜಿ ಹಾಕಾಕ ರಕ್ತನಾಳ ಕೂಡಿಸಿ ಮಾಡಿದ ಫಿಸ್ಟುಲಾ ಐತಿ. ಇನ್ಸುಲಿನ್ ತಗೋತಾಳ. ದೊಡ್ಡವ್ವ, ಅತ್ತಿ ಎಲ್ಲಾರೂ ಕೂಡಿ ಸರ್ಕಾರದ ಕಾಶಿ ದರ್ಶನ ರೈಲಿಗೆ ಹೊಂಟಾರ. ಅವ್ವ ನಾನೂ ಬರ್ತೀನಿ ಅಂತ ಹಟ ಹಿಡದಾಳ. ಮನ್ಯಾಗ ಎಲ್ಲಾರೂ ಬ್ಯಾಡ ಅಂತಾರ. "ಒಂದೆರಡು ಡಯಾಲಿಸಿಸ್ ಬಿಟ್ರ ಏನಾಕ್ಕೈತಿ, ಅಲ್ಲೇ ಜೀವ ಹೋದ್ರೂ ಪುಣ್ಯ" ಅಂತಾಳ. ಕರ್ಕೊಂಡು ಹೋಗಬಹುದೇನು? ಹೋಗೂದಾದ್ರ ಏನೇನು ಮಾಡಬೇಕು?

ಉತ್ತರ: ತಂಗಿ, ನಿಮ್ಮ ಅವ್ವ ಕಾಶಿ ನೋಡಬಹುದು. ಆದರೆ ಆ ರೈಲು ಅವರಿಗೆ ಹೊಂದುವುದಿಲ್ಲ. ಡಯಾಲಿಸಿಸ್ ಒಂದನ್ನೂ ಬಿಡುವ ಹಾಗಿಲ್ಲ. ಬೆಳಗಾವಿಯಲ್ಲಿ ಕಿಡ್ನಿ ರೋಗಿಗಳ ನಡುವೆ ಇಪ್ಪತ್ತು ವರ್ಷ ಕಳೆದಿದ್ದೇನೆ. ಡಯಾಲಿಸಿಸ್ ಮೇಲಿದ್ದುಕೊಂಡೇ ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿ ಬಂದವರು, ತಿರುಪತಿ ಬೆಟ್ಟ ಹತ್ತಿ ಬಂದವರು ನನ್ನ ರೋಗಿಗಳಲ್ಲೇ ಇದ್ದಾರೆ. ಅವರೆಲ್ಲ ಮಾಡಿದ ಕೆಲಸ ಒಂದೇ. ಹೋಗುವ ಊರಿನಲ್ಲಿ ಮೊದಲು ಡಯಾಲಿಸಿಸ್ ಹಾಸಿಗೆ ಗೊತ್ತುಮಾಡಿಕೊಂಡರು, ಆಮೇಲೆ ಟಿಕೆಟ್ ತೆಗೆಸಿದರು.

ರೈಲಿನ ಮಾತು ಮೊದಲು ಮುಗಿಸುತ್ತೇನೆ. 2022ರ ನವೆಂಬರ್‌ನಲ್ಲಿ ಶುರುವಾದ ಈ ಭಾರತ್ ಗೌರವ್ ರೈಲು ಒಳ್ಳೆಯ ವ್ಯವಸ್ಥೆ. ನಮ್ಮ ಬೆಳಗಾವಿಯಿಂದಲೂ ಹತ್ತಬಹುದು, ಯಾತ್ರಿಕರಿಗೆ ಸರ್ಕಾರದ ಸಹಾಯಧನವೂ ಇದೆ. ಆದರೆ ಅದು ಕಾಶಿ, ಅಯೋಧ್ಯೆ, ಪ್ರಯಾಗ ಎಂದು ತನ್ನ ಪಾಡಿಗೆ ಎಂಟು-ಒಂಬತ್ತು ದಿನ ಸಾಗುತ್ತದೆ. ಅಷ್ಟರಲ್ಲಿ ಅವ್ವನಿಗೆ ಮೂರೋ ನಾಲ್ಕೋ ಡಯಾಲಿಸಿಸ್ ಬೀಳುತ್ತವೆ. ಬುಧವಾರ ಮುಂಜಾನೆ ರೈಲು ಎಲ್ಲೋ ಮಧ್ಯಪ್ರದೇಶದ ಬಯಲಿನಲ್ಲಿ ಓಡುತ್ತಿದ್ದರೆ ಅಲ್ಲಿ ಇಳಿದು ನಾಲ್ಕು ತಾಸು ಮಲಗಿ ಮತ್ತೆ ಹತ್ತಲು ಆಗುವುದಿಲ್ಲ. ದೊಡ್ಡವ್ವ, ಅತ್ತಿ ರೈಲಿನಲ್ಲೇ ಹೋಗಲಿ. ಅವ್ವ ಬೇರೆ ದಾರಿಯಿಂದ ಹೋಗಿ ಕಾಶಿಯಲ್ಲಿ ಅವರನ್ನು ಕೂಡಿಕೊಳ್ಳಬಹುದು.

"ಒಂದೆರಡು ಬಿಟ್ರ ಏನಾಕ್ಕೈತಿ" ಎಂಬ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಸರಿಯಿರುವ ಕಿಡ್ನಿ ವಾರದ 168 ತಾಸೂ ದುಡಿಯುತ್ತದೆ. ಆ ಕೆಲಸವನ್ನು ನಾವು ಯಂತ್ರದಿಂದ 12 ತಾಸಿನಲ್ಲಿ ಮಾಡಿಸುತ್ತಿದ್ದೇವೆ. ಸೋಮವಾರ ಮಧ್ಯಾಹ್ನ ಯಂತ್ರ ಬಿಟ್ಟರೆ ಬುಧವಾರ ಮುಂಜಾನೆವರೆಗೆ ಸುಮಾರು 44 ತಾಸು ರಕ್ತದಲ್ಲಿ ನೀರು, ಹೆಚ್ಚಾದರೆ ಹೃದಯದ ಬಡಿತವನ್ನೇ ಕೆಡಿಸುವ ಪೊಟ್ಯಾಸಿಯಂ ಕೂಡುತ್ತಲೇ ಇರುತ್ತವೆ. ಶುಕ್ರವಾರದಿಂದ ಸೋಮವಾರಕ್ಕೆ ಇದು 68 ತಾಸು. ಡಯಾಲಿಸಿಸ್ ರೋಗಿಗಳಿಗೆ ಹೃದಯದ ಅವಘಡಗಳು ಹೆಚ್ಚಾಗಿ ಆಗುವುದು ಈ ಉದ್ದ ಅಂತರದ ಕೊನೆಯಲ್ಲೇ. ಹೀಗಿರುವಾಗ ಸೋಮವಾರದ್ದನ್ನು ಬಿಟ್ಟರೆ ಬುಧವಾರದ ಹೊತ್ತಿಗೆ 116 ತಾಸು ಆಗಿರುತ್ತದೆ.

ರಬಕವಿ-ಬನಹಟ್ಟಿ ಕಡೆಯ ನೇಕಾರರೊಬ್ಬರು ಸೊಲ್ಲಾಪುರದಲ್ಲಿ ತಂಗಿಯ ಮಗಳ ಮದುವೆ ಅಂತ ಸೋಮವಾರದ ಡಯಾಲಿಸಿಸ್ ಬಿಟ್ಟಿದ್ದರು. ಮಂಗಳವಾರ ರಾತ್ರಿ ಒಂದೂವರೆಗೆ ಕ್ರೂಸರ್ ಗಾಡಿಯಲ್ಲಿ ಕರೆತಂದರು. ಹಿಂದಿನ ಸೀಟಿನಲ್ಲಿ ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು ಉಸಿರು ಎಳೆಯುತ್ತ ಕುಳಿತಿದ್ದರು. ಸ್ಟ್ರೆಚರ್ ಮೇಲೆ ಮಲಗಿಸಲು ಹೋದರೆ ಎದ್ದೆದ್ದು ಕೂರುತ್ತಿದ್ದರು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕೆಳಗಿನಿಂದ ಮೇಲಿನವರೆಗೂ ನೀರಿನ ಗುಳುಗುಳು. ಇಸಿಜಿ ಪಟ್ಟಿಯಲ್ಲಿ ಪೊಟ್ಯಾಸಿಯಂ ಏರಿದ ಗುರುತಾಗಿ ಅಲೆಗಳು ಡೇರೆಯ ತುದಿಯಂತೆ ಮೊನಚಾಗಿ ನಿಂತಿದ್ದವು. ಕುಳಿತಲ್ಲೇ ಡಯಾಲಿಸಿಸ್ ಶುರುಮಾಡಿದೆವು. ಬೆಳಗಿನ ಜಾವಕ್ಕೆ ಮಲಗುವಂತಾದಾಗ ಅವರು ಹೇಳಿದ್ದು, "ಬರೇ ಎರಡು ಗ್ಲಾಸ್ ಮಠ್ಠಾ ಕುಡದಿದ್ನಿರಿ." ಅವರು ಬದುಕಿದರು. ಎಲ್ಲರೂ ಬದುಕಿಲ್ಲ.

ಇನ್ನು ದಿನಗಳ ಲೆಕ್ಕ. ನನ್ನ ಮಟ್ಟಿಗೆ ಈ ಯಾತ್ರೆಯ ಜೀವಾಳ ಇದೇ. ಹೆಚ್ಚಿನವರು ಶುಕ್ರವಾರ ಡಯಾಲಿಸಿಸ್ ಮುಗಿಸಿ, ಶನಿವಾರ-ಭಾನುವಾರದ ಬಿಡುವು ಸಿಕ್ಕಿತೆಂದು ಹೊರಡುತ್ತಾರೆ. ಆಗ ಆ 68 ತಾಸು ಪೂರ್ತಿ ಪ್ರಯಾಣದಲ್ಲೇ ಕಳೆಯುತ್ತದೆ. ದಾರಿಯಲ್ಲಿ ರೈಲು ತಡವಾದರೆ, ವಿಮಾನ ರದ್ದಾದರೆ ಅವ್ವ ಅತ್ಯಂತ ನಾಜೂಕಿನ ಹೊತ್ತಿನಲ್ಲಿ ಗುರುತಿಲ್ಲದ ಊರಲ್ಲಿ ಸಿಕ್ಕಿಬೀಳುತ್ತಾರೆ. ಉದ್ದ ಅಂತರವನ್ನು ಒಂದೇ ಊರಲ್ಲಿ, ಆಸ್ಪತ್ರೆಯ ಹತ್ತಿರ, ನಿಂತು ಕಳೆಯಬೇಕು. ಪ್ರಯಾಣಕ್ಕೆ ಸಣ್ಣ ಅಂತರವೇ ಒಳ್ಳೆಯದು.

ನಿಮ್ಮ ಅವ್ವನಿಗೆ ನಾನು ಹೇಳುವುದು ಹೀಗೆ. ಬುಧವಾರ ಬಾಗಲಕೋಟೆಯಲ್ಲಿ ಡಯಾಲಿಸಿಸ್ ಮುಗಿಸಿ, ಊಟ ಮಾಡಿ, ಸ್ವಲ್ಪ ಮಲಗಿ, ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಂಥ ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಬೆಂಗಳೂರಿಗೆ ಬನ್ನಿ. ಗುರುವಾರ ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನ ಹಿಡಿಯಿರಿ, ಎರಡೂವರೆ ತಾಸಿನ ದಾರಿ. ಶುಕ್ರವಾರ ಅಲ್ಲೇ ಡಯಾಲಿಸಿಸ್. ಶನಿವಾರ ವಿಶ್ವನಾಥನ ದರ್ಶನ, ಭಾನುವಾರ ನಿಧಾನಕ್ಕೆ ಒಂದು ದೋಣಿ ಸುತ್ತು. ಸೋಮವಾರ ಮತ್ತೆ ಅಲ್ಲೇ ಡಯಾಲಿಸಿಸ್. ಮಂಗಳವಾರ ವಿಮಾನ ಮತ್ತು ರಾತ್ರಿ ರೈಲು, ಬುಧವಾರ ನಿಮ್ಮ ಹಾಸಿಗೆಗೆ ವಾಪಸ್. ಆ ಬುಧವಾರದ ಮಟ್ಟಿಗೆ ಮುಂಜಾನೆಯ ಬದಲು ಮಧ್ಯಾಹ್ನದ ಪಾಳಿ ಕೊಡಿ ಎಂದು ಈಗಲೇ ಕೇಳಿಟ್ಟುಕೊಳ್ಳಿ. ರೈಲು ನಾಲ್ಕು ತಾಸು ತಡವಾದರೂ ಆತಂಕ ಇರುವುದಿಲ್ಲ. ವಿಮಾನದ ಖರ್ಚು ಭಾರ ಎನಿಸಿದರೆ ಒಂದು ವರ್ಷ ಕೂಡಿಟ್ಟು ಹೋಗಿ. ವಾರಾಣಸಿವರೆಗೂ ಎರಡು ರಾತ್ರಿ ರೈಲಿನಲ್ಲೇ ಹೋಗುವುದು ಮಾತ್ರ ಬೇಡ.

ತಿಂಗಳನ್ನೂ ನೋಡಿ ಆರಿಸಿ. ಮೇ ತಿಂಗಳ ವಾರಾಣಸಿ ನಮ್ಮ ವಿಜಯಪುರದ ಬಿಸಿಲನ್ನೂ ಮೀರಿಸುತ್ತದೆ, ನೀರಡಿಕೆ ತಡೆಯುವುದು ಕಷ್ಟ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಗಂಗೆಯ ಬಯಲಿಗೆ ದಟ್ಟ ಮಂಜು ಬಿದ್ದು ರೈಲು, ವಿಮಾನ ಎರಡೂ ತಾಸುಗಟ್ಟಲೆ ನಿಲ್ಲುತ್ತವೆ. ಡಯಾಲಿಸಿಸ್ ರೋಗಿಗೆ ಚಳಿಗಿಂತ ಆ ಮಂಜೇ ದೊಡ್ಡ ಶತ್ರು. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ಕಾಲಿಡಲು ಜಾಗ ಇರುವುದಿಲ್ಲ. ಅದು ಕಳೆದ ಮೇಲೆ ನವೆಂಬರ್‌ನ ಉಳಿದ ದಿನಗಳು, ಇಲ್ಲವೇ ಶಿವರಾತ್ರಿಯ ಗದ್ದಲ ಇಳಿದ ಮೇಲೆ ಒಂದೆರಡು ವಾರ, ಇವು ಒಳ್ಳೆಯವು.

ವಾರಾಣಸಿಯಲ್ಲಿ ಡಯಾಲಿಸಿಸ್‌ಗೆ ಕೊರತೆಯಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಕಿಡ್ನಿ ವಿಭಾಗವೇ ಇದೆ, ಖಾಸಗಿ ಘಟಕಗಳೂ ಇವೆ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಎರಡೇ ಸಲಕ್ಕೆ ಬಂದವರಿಗೆ ಹಾಸಿಗೆ ಸಿಗುವುದು ಕಷ್ಟ. ಹಾಗಾಗಿ ಖಾಸಗಿ ಘಟಕದಲ್ಲಿ ಶುಕ್ರವಾರ, ಸೋಮವಾರ ಗೊತ್ತುಮಾಡಿ, ದೊಡ್ಡ ಆಸ್ಪತ್ರೆಯ ವಿಳಾಸವನ್ನು ಆಪತ್ತಿಗೆಂದು ಬರೆದಿಟ್ಟುಕೊಳ್ಳಿ. ಕನಿಷ್ಠ ಒಂದು ತಿಂಗಳು ಮೊದಲೇ ಫೋನ್ ಮಾಡಿ. ಹೇಳುವ ದರದಲ್ಲಿ ಡಯಾಲೈಸರ್ (ರಕ್ತ ಸೋಸುವ ಫಿಲ್ಟರ್), ಟ್ಯೂಬಿಂಗ್ (ರಕ್ತ ಹರಿಯುವ ಕೊಳವೆಗಳು), ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಸೇರಿದೆಯೇ ಕೇಳಿ. ಹೊಸ ಡಯಾಲೈಸರ್ ಹಾಕುತ್ತಾರೆಯೇ ಎಂಬುದನ್ನಂತೂ ಕೇಳಲೇಬೇಕು. ನಮ್ಮಲ್ಲಿ ಒಬ್ಬರ ಡಯಾಲೈಸರ್ ತೊಳೆದು ಅವರಿಗೇ ಮತ್ತೆ ಬಳಸುವ ರೂಢಿ ಇದೆ, ಪರಊರಲ್ಲಿ ಅದು ಬೇಡ. ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ. 14555ಕ್ಕೆ ಕರೆ ಮಾಡಿ ವಾರಾಣಸಿಯಲ್ಲಿ ಯಾವ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಸಿಗುತ್ತದೆ ಎಂದು ವಿಚಾರಿಸಿ. ಆದರೂ ಎರಡು ಸಲದ ದುಡ್ಡು ಕೈಯಲ್ಲಿರಲಿ. ಕಾರ್ಡ್ ಯಂತ್ರ ಕೆಟ್ಟಿದೆ ಎಂಬ ಕಾರಣಕ್ಕೆ ಡಯಾಲಿಸಿಸ್ ಮುಂದೆ ಹೋಗಬಾರದು.

ರೈಲ್ವೆ ರಿಯಾಯಿತಿಯ ಬಗ್ಗೆಯೂ ಹಲವರು ಕೇಳುತ್ತಾರೆ. ಕಿಡ್ನಿ ರೋಗಿಗಳಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ 75 ಪ್ರತಿಶತ ರಿಯಾಯಿತಿ ಇರುವುದು ನಿಜ. ಆದರೆ ಅದು ಡಯಾಲಿಸಿಸ್ ಅಥವಾ ಕಿಡ್ನಿ ಕಸಿಗೆಂದೇ ಹೋಗಿಬರುವ ಪ್ರಯಾಣಕ್ಕೆ. ಯಾತ್ರೆಗೆ ಆ ಪ್ರಮಾಣಪತ್ರ ಬರೆದುಕೊಡಿ ಎಂದು ವೈದ್ಯರನ್ನು ಕೇಳಬೇಡಿ.

ಅಲ್ಲಿಯ ಘಟಕದವರು ಮೊದಲು ಕೇಳುವುದು ರಕ್ತಪರೀಕ್ಷೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರರ ವರದಿಯೂ ಹೊಸದಿರಬೇಕು. ತಿಂಗಳೊಳಗಿನದೇ ಬೇಕು ಎನ್ನುವವರೂ ಇದ್ದಾರೆ. ಅವ್ವನಿಗೆ ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯೇ ಎಂದು ಇವತ್ತೇ ನೋಡಿ. ಡಯಾಲಿಸಿಸ್ ರೋಗಿಗಳಿಗೆ ಅದನ್ನು ದುಪ್ಪಟ್ಟು ಪ್ರಮಾಣದಲ್ಲಿ, ಆರು ತಿಂಗಳ ಅವಧಿಯಲ್ಲಿ ನಾಲ್ಕು ಸಲ ಕೊಡಬೇಕಾಗುತ್ತದೆ. ಹೊರಡುವ ಹಿಂದಿನ ವಾರ ನೆನಪಾದರೆ ಪ್ರಯೋಜನವಿಲ್ಲ. ಮರಳಿ ಬಂದ ಮೇಲೆ ಹೊರಗೆ ಎರಡು ಸಲ ಡಯಾಲಿಸಿಸ್ ಆಗಿದೆ ಎಂದು ಬಾಗಲಕೋಟೆಯ ಘಟಕಕ್ಕೆ ತಿಳಿಸಿ ಈ ಪರೀಕ್ಷೆಗಳನ್ನು ಮತ್ತೆ ಮಾಡಿಸಿ. ಮುಚ್ಚಿಟ್ಟರೆ ಪಕ್ಕದ ಹಾಸಿಗೆಯವರಿಗೂ ಅಪಾಯ.

ಇದರ ಜೊತೆಗೆ ವೈದ್ಯರ ಒಂದು ಪತ್ರ, ಕೊನೆಯ ಮೂರು ಡಯಾಲಿಸಿಸ್‌ನ ಚಾರ್ಟ್. ಡ್ರೈ ವೇಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಎಷ್ಟು, ಪ್ರತಿ ಸಲ ಎಷ್ಟು ನೀರು ತೆಗೆಯುತ್ತಾರೆ, ರಕ್ತದ ಪಂಪು ಎಷ್ಟರಲ್ಲಿ ಓಡಿಸುತ್ತಾರೆ, ಹೆಪಾರಿನ್ ಎಷ್ಟು, ಎಷ್ಟನೇ ತಾಸಿಗೆ ಬಿಪಿ ಇಳಿಯುತ್ತದೆ, ಯಾವ ಔಷಧಿ ಆಗಿಬರುವುದಿಲ್ಲ, ಎಲ್ಲವೂ ಅದರಲ್ಲಿರಬೇಕು. ಬಾಗಲಕೋಟೆಯ ತೂಕದ ಯಂತ್ರಕ್ಕೂ ವಾರಾಣಸಿಯದಕ್ಕೂ ಒಂದು ಕಿಲೋ ಹೆಚ್ಚುಕಡಿಮೆ ಬಂದರೆ ಒಂದು ಲೀಟರ್ ನೀರು ಹೆಚ್ಚು ತೆಗೆದುಬಿಡುತ್ತಾರೆ. ಅವ್ವನಿಗೆ ಕಾಲು ಹಿಡಿದುಕೊಂಡು, ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ ಮನೆಯ ಸಣ್ಣ ತೂಕದ ಯಂತ್ರ ಚೀಲದಲ್ಲಿ ಒಯ್ಯಿರಿ ಎಂದು ನಾನು ಹೇಳುವುದು. ಹೊರಡುವ ಬುಧವಾರ ಡಯಾಲಿಸಿಸ್ ಆದ ಮೇಲೆ ಎರಡರ ಮೇಲೂ ನಿಲ್ಲಿಸಿ ವ್ಯತ್ಯಾಸ ಬರೆದುಕೊಳ್ಳಿ.

ಭಾಷೆಯದು ಇನ್ನೊಂದು ತೊಡಕು. ನಿಮ್ಮ ಅವ್ವನಿಗೆ ಹಿಂದಿ ಬರುವುದಿಲ್ಲ ಎಂದುಕೊಳ್ಳುತ್ತೇನೆ. ಡಯಾಲಿಸಿಸ್ ನಡೆಯುವಾಗ ನಿಮ್ಮನ್ನು ಹೊರಗೆ ಕೂರಿಸಬಹುದು. ಮೂರು ಮಾತು ಕಲಿಸಿ. "ಚಕ್ಕರ್ ಆ ರಹಾ ಹೈ" ಅಂದರೆ ತಲೆ ತಿರುಗುತ್ತಿದೆ. "ಸಾಂಸ್ ನಹೀಂ ಆ ರಹೀ" ಅಂದರೆ ಉಸಿರು ಬರುತ್ತಿಲ್ಲ. "ಬಾಯೇಂ ಹಾಥ್ ಮೇಂ ಬೀಪಿ ಮತ್ ದೇಖಿಯೇ" ಅಂದರೆ ಎಡಗೈಯಲ್ಲಿ ಬಿಪಿ ನೋಡಬೇಡಿ. ನನ್ನ ರೋಗಿಯೊಬ್ಬರು ಈ ಮೂರನೆಯದನ್ನು ರಟ್ಟಿನ ಮೇಲೆ ಬರೆಸಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಕೆಲಸಕ್ಕೆ ಬಂತು.

ಆ ಎಡಗೈ ಈಗ ಅವ್ವನ ಜೀವದ ದಾರಿ. ಬೆರಳಿಟ್ಟರೆ ಫಿಸ್ಟುಲಾದಲ್ಲಿ ದುಂಬಿ ಗುಂಯ್‌ಗುಡುವ ಹಾಗೆ ಅನಿಸಬೇಕು. ಯಾತ್ರೆಯಲ್ಲಿ ಮುಂಜಾನೆ, ಸಂಜೆ ಎರಡು ಹೊತ್ತು ನೀವೇ ಮುಟ್ಟಿ ನೋಡಿ. ಆ ಗುಂಯ್ ನಿಂತಿದ್ದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆಪ್ಪುಗಟ್ಟಿದ ಫಿಸ್ಟುಲಾ ಬೇಗ ಸಿಕ್ಕರೆ ಉಳಿಸಬಹುದು. ಬ್ಯಾಗ್ ಬಲಗೈಗೆ. ಬಿಗಿಯಾದ ಹಸಿರು ಬಳೆ ಎಡಗೈಗೆ ಬೇಡ. ರೈಲಿನಲ್ಲಿ ಎಡಮಗ್ಗುಲಿಗೆ ಕೈ ಮಡಚಿ ಮಲಗಬಾರದು. ಹೊಸ ಟೆಕ್ನೀಷಿಯನ್ ಸೂಜಿ ಹಾಕುತ್ತಾರೆ ಎಂಬುದೇ ಎಷ್ಟೋ ರೋಗಿಗಳಿಗೆ ಯಾತ್ರೆಗಿಂತ ದೊಡ್ಡ ಭಯ. ಬಾಗಲಕೋಟೆಯ ಟೆಕ್ನೀಷಿಯನ್‌ಗೆ ಹೇಳಿ, ಸೂಜಿ ಹಾಕಿದ ಕೈಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಇನ್ನೂ ಒಳ್ಳೆಯದು, ಕಾಶಿಗೆ ಮುಂಚೆ ಒಮ್ಮೆ ವಿಜಯಪುರದಲ್ಲೋ ಬೆಳಗಾವಿಯಲ್ಲೋ ಬೀಗರ ಮನೆಗೆ ಬಂದು ಅಲ್ಲಿ ಒಂದು ಡಯಾಲಿಸಿಸ್ ಮಾಡಿಸಿ. ಅವ್ವನ ಭಯ ಅಲ್ಲೇ ಅರ್ಧ ಕರಗುತ್ತದೆ, ಏನು ಮರೆತಿದ್ದೀರಿ ಎಂಬುದೂ ಗೊತ್ತಾಗುತ್ತದೆ.

ನೀರಿನದು ಗೊತ್ತಿರುವ ಮಾತೇ: ದಿನದ ಮೂತ್ರದಷ್ಟು, ಮೇಲೆ ಅರ್ಧ ಲೀಟರ್. ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ನೀರು ಎಲ್ಲ ಈ ಲೆಕ್ಕದೊಳಗೆ. ಯಾತ್ರೆಯಲ್ಲಿ ಈ ಲೆಕ್ಕ ತಪ್ಪುವುದು ಬಾಟಲಿಯಿಂದ ಕುಡಿಯುವುದರಿಂದ. ಒಂದು ಸಣ್ಣ ಸ್ಟೀಲ್ ಲೋಟ ಒಯ್ದು ಅದರಲ್ಲೇ ಕೊಡಿ. ಬಾಯಿ ಒಣಗಿದರೆ ಇಂಡಿ ಲಿಂಬಿಯ ಒಂದು ಸಣ್ಣ ಹೋಳು ನಾಲಿಗೆಗೆ ಹಚ್ಚಿ. ಖಡಕ್ ರೊಟ್ಟಿ ಒಯ್ಯಿರಿ, ಶೇಂಗಾ ಚಟ್ನಿ ಉಪ್ಪು ಕಡಿಮೆ ಹಾಕಿ ಬೆರಳ ತುದಿಯಷ್ಟೇ ಕೊಡಿ. ಉಪ್ಪಿನಕಾಯಿ ಬೇಡ. ಪ್ರೀತಿಯಿಂದ ಕೊಟ್ಟ ವಿಜಯಪುರದ ಒಣದ್ರಾಕ್ಷಿ, ಅಮೀನಗಡದ ಕರದಂಟು ಅವ್ವನ ಚೀಲಕ್ಕೆ ಬೇಡ, ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಎಳನೀರು, ಬಾಳೆಹಣ್ಣು, ಕಿತ್ತಳೆ ರಸ, ಕಾಶಿಯ ಬೀದಿಯ ಟೊಮೆಟೊ ಚಾಟ್ ಇವೂ ಅದೇ ಸಾಲಿನವು. ಧಾರೆಹುಳಿ ಎಂಬ ಹಣ್ಣೊಂದಿದೆ, ಅಡ್ಡ ಕೊಯ್ದರೆ ಐದು ಮೂಲೆಯ ನಕ್ಷತ್ರ, ಉಪ್ಪು-ಖಾರ ಹಚ್ಚಿ ಮಾರುತ್ತಾರೆ. ಅದರ ಒಂದು ಹೋಳನ್ನೂ ಮುಟ್ಟಬಾರದು. ಕಿಡ್ನಿ ಇಲ್ಲದವರ ಮಿದುಳಿಗೇ ಅದು ವಿಷವಾಗುತ್ತದೆ, ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ. ಪ್ರಸಾದದ ಪೇಡೆ ಒಂದು ಚೂರು ತಿನ್ನಲಿ, ಅದಕ್ಕೆ ಬೈಯಬೇಡಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಚೀಟಿಯ ಸಮೇತ. ವಿಮಾನದ ಸಾಮಾನಿನ ಕೋಣೆಗೆ ಹಾಕಬೇಡಿ. ಕಿಡ್ನಿ ಕೆಟ್ಟವರಲ್ಲಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ದರ್ಶನದ ಸಾಲಿನಲ್ಲಿ ಊಟ ತಡವಾದರೆ ಸಕ್ಕರೆ ಸಟ್ಟನೆ ಇಳಿಯಬಹುದು. ಬೆವರಿ ಮಂಕಾದರೆ ಹಣ್ಣಿನ ರಸ ಕೊಡಬೇಡಿ, ಗ್ಲೂಕೋಸ್ ಪುಡಿ ಮೂರು ಚಮಚ ಸ್ವಲ್ಪ ನೀರಿನಲ್ಲಿ ಕಲಸಿ ಕೊಡಿ. ರಕ್ತ ಹೆಚ್ಚಿಸುವ ವಾರದ ಇಂಜೆಕ್ಷನ್ ಇದ್ದರೆ ಅದನ್ನು ಬುಧವಾರಕ್ಕೆ ಹೊಂದಿಸಿಕೊಡಿ ಎಂದು ವೈದ್ಯರನ್ನು ಕೇಳಿ. ಹೊರಡುವ ಮುಂಚೆ ಒಂದು, ಬಂದ ಮೇಲೆ ಒಂದು, ಐಸ್ ಡಬ್ಬಿ ಹೊರುವ ಗೋಜೇ ಇಲ್ಲ. ಭೇದಿ ಶುರುವಾದರೆ ಓಆರ್‌ಎಸ್‌ನಲ್ಲೂ ಪೊಟ್ಯಾಸಿಯಂ ಇದೆ ಎಂಬುದು ನೆನಪಿರಲಿ, ಮೊದಲು ವೈದ್ಯರಿಗೆ ಫೋನ್ ಮಾಡಿ. ಪೊಟ್ಯಾಸಿಯಂ ಇಳಿಸುವ ಪುಡಿಯ ನಾಲ್ಕು ಪೊಟ್ಟಣ, ಹೇಗೆ ಕೊಡಬೇಕೆಂಬ ಚೀಟಿಯೊಂದಿಗೆ, ಬರೆಸಿಕೊಳ್ಳಿ. ಬೆಂಗಳೂರಿನಲ್ಲೂ ಒಂದು ಡಯಾಲಿಸಿಸ್ ಘಟಕದ ಫೋನ್ ನಂಬರ್ ಇರಲಿ, ವಿಮಾನ ತಪ್ಪಿದರೆ ಅಲ್ಲೇ ಮಾಡಿಸಬಹುದು. ಮಲಗಿದರೆ ಉಸಿರು ಕಟ್ಟುವುದು, ಕಾಲಿನ ಬಲವೇ ಹೋದಂತಾಗುವುದು, ಇವೆರಡರಲ್ಲಿ ಯಾವುದು ಕಂಡರೂ ಕಾಯಬೇಡಿ. 108 ಅಲ್ಲಿಯೂ ಇದೆ.

ಗಂಗಾಸ್ನಾನ ಡಯಾಲಿಸಿಸ್ ಆದ ದಿನ ಬೇಡ, ಸೂಜಿ ಚುಚ್ಚಿದ ಗಾಯ ಹಸಿ ಇರುತ್ತದೆ. ಭಾನುವಾರ ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟು, ಬಲಗೈಯಿಂದ ತಲೆಗೆ ನೀರು ಹಾಕಿಕೊಳ್ಳಲಿ. ನದಿಯ ನೀರು ಬಾಯಿಗೆ ಬೇಡ. ಘಾಟಿನ ಮೆಟ್ಟಿಲು ಕಡಿದಾಗಿವೆ. 2021ರಲ್ಲಿ ಆದ ವಿಶ್ವನಾಥ ಧಾಮದ ಹೊಸ ದಾರಿಯಿಂದ ದೇವಸ್ಥಾನಕ್ಕೆ ಹೋಗುವುದು ಹಳೆಯ ಗಲ್ಲಿಗಳಿಗಿಂತ ಸಲೀಸು. ಗಾಲಿಕುರ್ಚಿ ಕೇಳಲು ಸಂಕೋಚ ಬೇಡ. ಜಂಗಮವಾಡಿ ಮಠದಲ್ಲಿ ಇಳಿದುಕೊಂಡರೆ ಕನ್ನಡ ಮಾತು ಕಿವಿಗೆ ಬೀಳುತ್ತದೆ, ಅವ್ವನಿಗೆ ಅದೂ ಒಂದು ಧೈರ್ಯ.

ಇಷ್ಟೆಲ್ಲ ಹೇಳಿದ ಮೇಲೂ ಈ ಸಲ ಬೇಡ ಎನ್ನುವ ಸಂದರ್ಭಗಳಿವೆ. ಪ್ರತಿ ಡಯಾಲಿಸಿಸ್‌ನಲ್ಲೂ ಬಿಪಿ ಬೀಳುತ್ತಿದ್ದರೆ, ಈಚೆಗೆ ಎದೆನೋವು ಬಂದಿದ್ದರೆ, ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ, ಜ್ವರ ಬಿಟ್ಟುಬಿಟ್ಟು ಬರುತ್ತಿದ್ದರೆ ನಾನು ಒಪ್ಪುವುದಿಲ್ಲ. ಮೊದಲು ಅದು ಸರಿಯಾಗಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅವ್ವನ ಆ ಮಾತು: "ಅಲ್ಲೇ ಜೀವ ಹೋದ್ರೂ ಪುಣ್ಯ." ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಭಕ್ತಿಯ ಮಾತೂ ಹೌದು. ಆದರೆ ಎರಡು ವರ್ಷ ವಾರಕ್ಕೆ ಮೂರು ಸಲ ಸೂಜಿ ಚುಚ್ಚಿಸಿಕೊಂಡು, ಲೋಟ ಎಣಿಸಿ ನೀರು ಕುಡಿದು, ಮನೆಯವರಿಗೆ ಹೊರೆಯಾದೆ ಎಂದು ಕೊರಗುವವರೂ ಇದೇ ಮಾತನ್ನು ಆಡುತ್ತಾರೆ. ಡಯಾಲಿಸಿಸ್ ರೋಗಿಗಳಲ್ಲಿ ಖಿನ್ನತೆ ಬಹಳ, ಗುರುತಿಸುವವರು ಕಡಿಮೆ. ಯಾರೂ ಇಲ್ಲದ ಹೊತ್ತಿನಲ್ಲಿ ಅವ್ವನ ಹತ್ತಿರ ಕುಳಿತು ಕೇಳಿ: ಕಾಶಿ ನೋಡಿ ಬರಬೇಕೇನವ್ವಾ, ಇಲ್ಲಾ ಈ ಡಯಾಲಿಸಿಸ್ ಸಾಕಾಗೇತೇನು? ಉತ್ತರ ಎರಡನೆಯದಾದರೆ ಅಳಬೇಡಿ, ಗದರಬೇಡಿ. ಆ ಮಾತನ್ನು ಹಾಗೇ ವೈದ್ಯರಿಗೆ ತಲುಪಿಸಿ. ನಿದ್ದೆ ಇಲ್ಲದಿರುವುದಕ್ಕೆ, ಮೈ ತುರಿಕೆಗೆ, ಕಾಲು ಸೆಳೆತಕ್ಕೆ, ಮಂಕಾದ ಮನಸ್ಸಿಗೆ ಔಷಧಿ ಇದೆ. ಅವು ಕಡಿಮೆಯಾದ ಮೇಲೆ ಮಾತು ಬದಲಿಸಿದವರನ್ನು ನೋಡಿದ್ದೇನೆ.

ಅವ್ವನ ಉತ್ತರ ಮೊದಲನೆಯದಾದರೆ, ಬರುವ ಸೋಮವಾರ ಡಯಾಲಿಸಿಸ್‌ಗೆ ಹೋದಾಗ ಟೆಕ್ನೀಷಿಯನ್ ಹತ್ತಿರ ಆ ಮೂರು ಚಾರ್ಟಿನ ಪ್ರತಿ ಕೇಳಿ ಇಸಿದುಕೊಳ್ಳಿ. ಆಮೇಲೆ ಅವ್ವನ ಹಾಸಿಗೆಯ ಪಕ್ಕದಲ್ಲೇ ಕುಳಿತು ವಾರಾಣಸಿಗೆ ಫೋನ್ ಹಚ್ಚಿ. ಅವರಿಗೆ ಕೇಳಿಸುವ ಹಾಗೆ ಮಾತಾಡಿ.